ಫರ್ಗಸ್ ಟ್ವೀಡಿಯ ನಾಲಿಗೆ

ಕೆಲವರು ಕಣ್ಣಾರೆ ಕಂಡದ್ದನ್ನು ನಂಬುತ್ತಾರೆ, ಕೆಲವರು ಕಿವಿಯಾರೆ ಕೇಳಿದ್ದನ್ನು. ಮೊಲ ಹೊಡೆಯುವ ಫರ್ಗಸ್ ಟ್ವೀಡಿ ನಂಬುತ್ತಿದ್ದುದು ನಾಲಿಗೆಗೆ ತಾಗಿದ್ದನ್ನು ಮಾತ್ರ. ಗುಡ್ಡದ ಮೇಲೆ ನಾನು ಬೇಲಿ ಹಾಕುತ್ತಿದ್ದರೆ ಬಂದು, ಕಂಬದಿಂದ ಒಂದು ಸಿಬಿರು ಕಿತ್ತು ಬಾಯಿಗಿಟ್ಟುಕೊಂಡು, "ಹಸಿ ಮರ. ಎರಡು ಬೇಸಿಗೆ ಕಳೀಲಿ, ಸೊಟ್ಟಗಾಗುತ್ತೆ" ಎಂದು ನನ್ನ ಕೆಲಸಕ್ಕೇ ತೀರ್ಪು ಕೊಟ್ಟು ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಬೇಸಿಗೆ ಕಳೆದ ಮೇಲೆ ಕಂಬ ಸೊಟ್ಟಗಾಗಿರುತ್ತಿತ್ತು. ಅದಕ್ಕೆ ಇನ್ನಷ್ಟು ಉರಿಯುತ್ತಿತ್ತು.

ತೊರೆಯ ನೀರು, ಕುರಿಯ ಉಣ್ಣೆ, ಮೊಲದ ಬಿಲದ ಬಾಯಿಗೆ ಚೆಲ್ಲಿದ ಮಣ್ಣು, ಎಲ್ಲವೂ ಆ ನಾಲಿಗೆಯ ಕಟಕಟೆಯಲ್ಲಿ ಒಮ್ಮೆ ನಿಲ್ಲಲೇಬೇಕು. ಬಿಲದ ಮಣ್ಣು ನೆಕ್ಕಿ, "ಒಳಗವೆ" ಎನ್ನುವನು, ಇಲ್ಲವೆ "ಹೋಗ್ಯವೆ" ಎನ್ನುವನು. ತಪ್ಪಿದ್ದು ನಾನು ಕಾಣೆ. ತನ್ನ ರುಚಿ ಮುಗಿದೊಡನೆ ಇನ್ನೊಂದು ಬೆರಳಿಗೆ ಅದನ್ನೇ ತಾಗಿಸಿ ಕೆಳಕ್ಕೆ ಹಿಡಿಯುವನು. ಕಂದುಬಣ್ಣದ ಟೆರಿಯರ್ ನಾಯಿ ನೆಲ್ ಅದನ್ನು ನೆಕ್ಕಿ, ತಲೆಯೆತ್ತಿ, ಯಜಮಾನನ ಮುಖ ನೋಡುವಳು. "ಅವಳೂ ಒಪ್ಪಿದ್ಲು" ಎಂದು ಹೇಳಿದ ಮೇಲೆಯೇ ಆ ವಿಚಾರಣೆ ಮುಗಿದಂತೆ.

ಸಮತಟ್ಟು ರಸ್ತೆಯಲ್ಲೂ ಗುಡ್ಡ ಹತ್ತುವವನ ಹಾಗೆ ಮುಂದಕ್ಕೆ ಬಾಗಿ ನಡೆಯುವ ಆಸಾಮಿ. ಮೈಮೇಲೆ ಚಳಿಗಾಲ ಬೇಸಿಗೆ ಎನ್ನದೆ ಒಂದೇ ಹಸಿರು ಉಣ್ಣೆಯ ಕೋಟು. ಅದರ ಜೇಬಿನಲ್ಲಿ ತೋಟಾಗಳು, ಕಾಡು ಥೈಮ್ ಎಲೆ, ಅರ್ಧ ತಿಂದ ಚೀಸ್ ರೋಲು, ಎಲ್ಲ ಒಂದರೊಳಗೊಂದು ಕಲಸಿ, ಆತ ಹೋದ ಕಡೆಯೆಲ್ಲ ಒಂದು ಮಿಶ್ರ ಸುಗಂಧ ಹಬ್ಬುತ್ತಿತ್ತು. ಹೆಂಡತಿ ಐಲ್ಸಾ ಆ ಕೋಟನ್ನು ಅಡುಗೆಮನೆಯ ಹೊಸಲು ದಾಟಲು ಬಿಟ್ಟವಳಲ್ಲ. "ಕೋಟು ಹೊರಗೆ, ನಾಯಿ ಹೊರಗೆ, ಬಾಯಿ ತೊಳ್ಕೊಂಡು ಮನುಷ್ಯ ಒಳಗೆ" ಎಂಬುದು ಆ ಮನೆಯ ಕಾನೂನು.

ನಮ್ಮ ಓಮಕಾವು ಸುತ್ತಿನ ಬೆಟ್ಟಗಳಲ್ಲಿ ಕುರಿಗೆ ಹುಲ್ಲು ಉಳಿಯಬೇಕಾದರೆ ಮೊಲ ಸಾಯಬೇಕು. ಅದಕ್ಕೆ ದೊಡ್ಡ ಬಂದೂಕು ಬೇಡ. ಬೆರಳುದ್ದವೂ ಇಲ್ಲದ ತೋಟಾ ಹಾಕುವ ಟೂ-ಟೂ ರೈಫಲ್ ಸಾಕು, ಅದರ ಮೂತಿಗೆ ಸದ್ದಡಗಿಸುವ ಕೊಳವೆ, ಒಂದು ಸೈಲೆನ್ಸರ್ ಬೇಕು. ಒಂದು ಮೊಲ ಉರುಳಿದಾಗ ಪಕ್ಕದ್ದು ಮೇಯುತ್ತಲೇ ಇರಬೇಕು. ಸದ್ದಾಯಿತೋ, ಇಡೀ ಗುಡ್ಡ ಬಿಲದೊಳಗೆ. ಫರ್ಗಸ್ಸನ ಹಳೆಯ ಸೈಲೆನ್ಸರ್ ತುಕ್ಕು ತಿಂದು ತೂತಾದಾಗ ಹೊಸದನ್ನು ಆರಿಸಲು ಅಲೆಕ್ಸಾಂಡ್ರಾ ಪಟ್ಟಣದ ಅಂಗಡಿಗೆ ಹೊರಟ, ಮುಳ್ಳುತಂತಿ ಬೇಕಿದ್ದ ನಾನೂ ಜೊತೆಗೆ ಹೋದೆ.

ಅಂಗಡಿಯ ಕೀರನ್ ಎರಡು ಕೊಳವೆಗಳನ್ನು ತಂದಿಟ್ಟ. ಒಂದರ ತುದಿಯನ್ನು ತಿರುಗಿಸಿ ಬಿಚ್ಚಿ ಕೊಡವಿದರೆ, ಒಳಗಿನ ಬಿಲ್ಲೆಗಳೆಲ್ಲ ಒಂದರೊಳಗೊಂದು ಕೂತ ಲೋಟಗಳ ಹಾಗೆ ಜಾರಿ ಹೊರಬಂದವು. ಇನ್ನೊಂದು ಬೆಸುಗೆ ಹಾಕಿ ಮುಚ್ಚಿದ ಉಕ್ಕು; ಬಿಚ್ಚುವ ಮಾತೇ ಇಲ್ಲ.

"ಬಿಚ್ಚೋದನ್ನ ತಗೋ ಫರ್ಗಸ್," ಎಂದ ಕೀರನ್. "ಈ ಚಿಕ್ಕ ತೋಟಾ ಅಂದ್ರೆ ಹೊಲಸು. ಮಸಿ, ಮೇಣ, ಸೀಸ, ಎಲ್ಲಾ ಒಳಗೆ ಕಟ್ಕೊಳ್ಳುತ್ತೆ. ಇದಾದ್ರೆ ಬಿಚ್ಚಿ, ಬ್ರಷ್ ಹಾಕಿ, ಒರೆಸಿ ಇಟ್ರಾಯ್ತು."

"ಸದ್ದು?"

"ಮುಚ್ಚಿದ್ದು ಒಂದು ಕೂದಲೆಳೆ ಮೆತ್ತಗೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದು ತುಂಬಿಕೊಂಡ ಮೇಲೆ ತೊಳೆಯೋಕೆ ದಾರಿ ಇಲ್ಲ ಮಾರಾಯ."

ಫರ್ಗಸ್ ಎರಡನ್ನೂ ಕೈಯಲ್ಲಿ ತೂಗಿದ. ಆಮೇಲೆ ನಾನು ಹೆದರಿದ್ದೇ ಆಯಿತು: ಮುಚ್ಚಿದ ಕೊಳವೆಯನ್ನು ಬಾಯಿಗೆತ್ತಿ ಉದ್ದಕ್ಕೂ ಒಮ್ಮೆ ನೆಕ್ಕಿದ.

"ಒಳ್ಳೇ ಉಕ್ಕು."

"ಎಂಜಲಾಯ್ತು," ಎಂದ ಕೀರನ್, "ಇನ್ನು ಅದನ್ನ ನಾನು ಯಾರಿಗೆ ಮಾರ್ಲಿ? ನೀನೇ ತಗೊಂಡ್ಹೋಗು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಮೊದಲ ಚಳಿಗಾಲ ಆ ಕೊಳವೆ ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗಿತ್ತು. ಬರಬರುತ್ತ ಕೈಗೆ ಭಾರವಾಯಿತು, ಸದ್ದು ಒಡೆಯತೊಡಗಿತು, ಪಕ್ಕದ ಮೊಲ ತಲೆಯೆತ್ತತೊಡಗಿತು. ಕೀರನ್ ಹೇಳಿದ್ದೇ ಆಗಿತ್ತು, ಆದರೆ ಅವನ ಮುಂದೆ ಹೋಗಿ ನಿಲ್ಲಲು ಟ್ವೀಡಿಯ ಬೆನ್ನುಮೂಳೆ ಬಾಗುವಂಥದಲ್ಲ. ಯಾರೋ ಪಬ್ಬಿನ ಮೂಲೆಯಲ್ಲಿ ಬಿಯರ್ ಹೀರುತ್ತ, "ವಿನೆಗರಿಗೆ ಔಷಧಿ ಅಂಗಡೀದು ಇಂಥದ್ದೊಂದು ಬೆರೆಸಿ ಅದ್ದಿಡು, ಸೀಸ ತಾನೇ ಕರಗಿ ಹೋಗುತ್ತೆ" ಎಂದನಂತೆ. ಕರಗಿದ ಸೀಸ ಎಲ್ಲಿಗೆ ಹೋಗುತ್ತದೆ ಎಂಬ ಉಳಿದರ್ಧವನ್ನು ಆ ಮಹಾಶಯ ಹೇಳಲಿಲ್ಲ. ಅರ್ಧ ಬುದ್ಧಿ ಹೇಳಿ ಎದ್ದುಹೋಗುವವನಿಗಿಂತ ಪೂರ್ತಿ ಸುಳ್ಳು ಹೇಳುವವನೇ ವಾಸಿ.

ಹಾಗೆ, ಐಲ್ಸಾಳ ಬೀಟ್‌ರೂಟ್ ಉಪ್ಪಿನಕಾಯಿಯ ಜಾಡಿಯೊಂದು ಶೆಡ್ಡು ಸೇರಿತು. ಸೈಲೆನ್ಸರ್ ಅದರಲ್ಲಿ ಮುಳುಗಿ ಕೂತಿರುತ್ತಿತ್ತು, ನೀರು ಹಾಲುಗಟ್ಟಿದಂತೆ ಬೆಳ್ಳಗಾಗುತ್ತಿತ್ತು, ಆಮೇಲೆ ಫರ್ಗಸ್ ಮತ್ತೆ ಸದ್ದಡಗಿದ ಬಂದೂಕು ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದ. ಕೊಳವೆ ಶುದ್ಧವಾದದ್ದು ಹೇಗೆ ತಿಳಿಯುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದು ಕಸುಬಿನ ಗುಟ್ಟು ಕಣೋ" ಎಂದು ಕಣ್ಣು ಮಿಟುಕಿಸಿದ.

ಆ ಎರಡು ವರ್ಷಗಳಲ್ಲಿ ಆತ ಇಳಿದುಹೋದ. ಹೊಟ್ಟೆ ಹಿಡಿದುಕೊಂಡು ಬಂಡೆಯ ಮೇಲೆ ಕೂರುವನು. ಗುರಿ ತಪ್ಪದ ಕೈ ಟೀ ಲೋಟ ಹಿಡಿದರೆ ತುಳುಕುವುದು. ನನ್ನ ಹೆಸರಿಗೆ ತಡಕಾಡಿ ನನ್ನ ಅಣ್ಣನ ಹೆಸರಿನಿಂದ ಕರೆಯುವನು. ವಯಸ್ಸಾಯಿತು ಎಂದುಕೊಂಡೆವು. ವಯಸ್ಸಿನ ತಲೆಗೆ ಕಟ್ಟಿದರೆ ಎಲ್ಲರ ಕೆಲಸ ಹಗುರ.

ಹೀಗಿರುವಾಗ ಒಂದು ಬೆಳಗ್ಗೆ ನೆಲ್ ತಾನು ಹುಟ್ಟಿದಂದಿನಿಂದ ದಾಟಿದ ಗೇಟಿನ ಕಂಬಕ್ಕೇ ಹೋಗಿ ಮುಖ ಹೊಡೆದುಕೊಂಡಳು. ಕಣ್ಣು ತೆರೆದೇ ಇತ್ತು, ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲು ಸೆಟೆದು ನೊರೆ ಕಾರಿದಳು. ಫರ್ಗಸ್ ಅವಳನ್ನು ಹಸಿರು ಕೋಟಿನಲ್ಲಿ ಸುತ್ತಿ ಎದೆಗವಚಿಕೊಂಡ; ನಡುಗುವ ಆ ಕೈಗೆ ಸ್ಟೇರಿಂಗ್ ಕೊಡಲಾರದೆ ನಾನೇ ಗಾಡಿ ಓಡಿಸಿದೆ, ಐಲ್ಸಾ ನಡುವೆ ಕೂತಳು. ದಾರಿಯುದ್ದಕ್ಕೂ ಆತ ಹೇಳಿದ್ದು ಒಂದೇ ಮಾತು: "ಜೋರಾಗಿ ಹೋಗೋ. ಇವಳನ್ನ ಉಳಿಸಬೇಕು ಕಣೋ."

ಪಶುವೈದ್ಯೆ ಹಿನೆಮೋವಾ ಪಾರಾಟಾ ನಾಯಿಯ ತುಟಿಯೆತ್ತಿ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ರಕ್ತ ತೆಗೆದು ಒಳಗಿನ ಯಂತ್ರಕ್ಕೆ ಕೊಟ್ಟು ಬಂದಳು.

"ಸೀಸದ ವಿಷ ಇದು ಫರ್ಗಸ್. ಏನು ತಿಂದ್ಲು? ಹಳೇ ಬ್ಯಾಟರಿ, ಹಳೇ ಬಣ್ಣ, ಏನಾದ್ರೂ ಇದೆಯಾ ಶೆಡ್ಡಲ್ಲಿ?"

"ಏನಿಲ್ಲ. ಸೈಲೆನ್ಸರ್ ತೊಳೆದ ನೀರು ಶೆಡ್ಡಿನ ಹಿಂದೆ ಚೆಲ್ತೀನಿ, ಅದನ್ನ ನೆಕ್ತಾಳೆ. ಬರೀ ವಿನೆಗರ್ ಅದು."

"ನಾಯಿ ಎಲ್ಲಾದ್ರೂ ವಿನೆಗರ್ ನೆಕ್ಕುತ್ತಾ? ಹುಳಿ ಅಂದ್ರೆ ದೂರ ಓಡ್ತವೆ ಇವು."

"ಹುಳಿ ಎಲ್ಲಮ್ಮ ಇರುತ್ತೆ?" ಎಂದ ಫರ್ಗಸ್, ಕೈ ನಾಯಿಯ ತಲೆ ಸವರುತ್ತಲೇ ಇತ್ತು. "ಅಷ್ಟೊತ್ತಿಗೆ ಸಕ್ಕರೆ ಪಾಕದ ಹಾಗೆ ಸಿಹಿಯಾಗಿರುತ್ತೆ."

ಹಿನೆಮೋವಾ ಸಿರಿಂಜು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಸಿಹಿ ಅಂತ ನಿಮಗೆ ಹೇಗೆ ಗೊತ್ತು?"

ಆತ ಅವಳನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ. "ಬಾಯಿಗೆ ಹಾಕದೆ ಹೇಗೆ ಗೊತ್ತಾಗುತ್ತೆ? ಹುಳಿ ಹೋಗಿ ಸಿಹಿ ಬಂತು ಅಂದ್ರೆ ಸೀಸ ಬಿಟ್ಟಿದೆ ಅಂತ ಲೆಕ್ಕ. ನನಗೊಂದು ಬೆರಳು, ಇವಳಿಗೊಂದು ಬೆರಳು."

ಹೇಳುತ್ತ ಹೇಳುತ್ತಲೇ ಆ ಮಾತು ಆತನ ಕಿವಿಗೂ ಬಿದ್ದಿತು. ಹಿನೆಮೋವಾ ಮೇಜು ಸುತ್ತಿ ಬಂದು, ನಾಯಿಯ ತುಟಿಯೆತ್ತಿದ ಹಾಗೆಯೇ ಹೆಬ್ಬೆರಳಿನಿಂದ ಆತನ ತುಟಿಯನ್ನೂ ಎತ್ತಿದಳು. ಹಲ್ಲಿನ ಬುಡದಲ್ಲಿ, ಒಸಡಿನ ಉದ್ದಕ್ಕೂ, ಶಾಯಿಯಲ್ಲಿ ಗೆರೆ ಎಳೆದ ಹಾಗೆ ಒಂದು ನೀಲಿ ಅಂಚು.

"ಐಲ್ಸಾ, ಇದು ಯಾವಾಗಿನಿಂದ ಇದೆ?"

"ದೇವರೇ," ಎಂದಳು ಐಲ್ಸಾ. "ಹಲ್ಲುಜ್ಜೋದಿಲ್ಲ ಅಂತ ದಿನಾ ಬೈತಿದ್ದೆನಲ್ಲಾ ನಾನು."

"ಆ ಸಿಹಿ ಅನ್ನೋದೇ ಕರಗಿದ ಸೀಸ, ಈ ಗೆರೆ ಅದರದ್ದೇ. ಈಗಿಂದೀಗ್ಲೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ. ನಾನು ಫೋನ್ ಮಾಡ್ತೀನಿ."

"ಇವಳು ಏಳೋವರೆಗೆ ನಾನೂ ಏಳಲ್ಲ," ಎಂದು ಆತ ನೆಲದ ಮೇಲೆ ಕೂತುಬಿಟ್ಟ.

ನೆಲ್ ಏಳಲಿಲ್ಲ. ಔಷಧ ಒಳಗಿಳಿಯುತ್ತಿದ್ದಾಗಲೇ ಮತ್ತೊಮ್ಮೆ ಸೆಟೆದಳು. ಸಡಿಲವಾದ ಮೇಲೆ ಫರ್ಗಸ್ ಒಂದು ಬೆರಳನ್ನು ಅವಳ ಮೂತಿಯ ಹತ್ತಿರ ಹಿಡಿದ, ಅಭ್ಯಾಸಬಲದಿಂದ. ನಾಲಿಗೆ ಹೊರಬರಲಿಲ್ಲ. ಆಗ ಐಲ್ಸಾ ಆತನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. "ಏಳೋ ಮುದುಕಾ. ಒಬ್ಬಳು ಸಾಕು." ನನ್ನ ಜೀವಮಾನದಲ್ಲಿ ಅವಳ ದನಿ ಅಷ್ಟು ಮೆತ್ತಗಿದ್ದದ್ದು ಅದೊಂದೇ ಸಲ.

ಡನೀಡನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಆತನ ರಕ್ತ ನೋಡಿದ ಡಾಕ್ಟರು, "ಇಷ್ಟು ಸೀಸ ಹೊತ್ಕೊಂಡು ನಡೆದಾಡ್ತಿದ್ರಾ?" ಎಂದು ಎರಡು ಸಲ ಕೇಳಿದರಂತೆ. ಇನ್ನೊಂದು ಚಳಿಗಾಲ ಸಾಗಿದ್ದರೆ ಕೇಳಲು ಆತನೇ ಇರುತ್ತಿರಲಿಲ್ಲ. ನಾಯಿಯ ಮೈ ಚಿಕ್ಕದು, ಅವಳು ಮೊದಲು ಬಿದ್ದಳು. ಬಿದ್ದು ಆತನನ್ನು ತೋರಿಸಿಕೊಟ್ಟಳು.

ವಸಂತದಲ್ಲಿ, ಮುಖಕ್ಕೆ ಬಣ್ಣ ಮರಳಿದ ಮೇಲೆ, ಫರ್ಗಸ್ ಮತ್ತೆ ಆ ಅಂಗಡಿಗೆ ಹೋದ. ಕೀರನ್ ಬಿಚ್ಚುವ ಸೈಲೆನ್ಸರನ್ನು ತಂದು ಮುಂದಿಟ್ಟ. ಆತ ಅದನ್ನು ಎತ್ತಿಕೊಂಡ. ಕೈ ತಾನಾಗಿಯೇ ಬಾಯಿಯ ಕಡೆ ಅರ್ಧ ದಾರಿ ಏರಿ, ಅಲ್ಲಿ ನಿಂತಿತು. ಅಂಗಡಿಯಲ್ಲಿ ಯಾರೂ ನಗಲಿಲ್ಲ. ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟ.

"ಹೇಗೆ ತೊಳೀಬೇಕು, ಪೂರ್ತಿ ಹೇಳು," ಎಂದ. "ನಾನು ಕೇಳ್ತೀನಿ."

ಕೀರನ್ ಹೇಳಿದ: ಕೈಗೆ ಗವಸು, ಬಯಲಲ್ಲಿ ಕೂತು ಎಣ್ಣೆ ಹಚ್ಚಿದ ಬ್ರಷ್ಷು, ಉದುರಿದ ಮಸಿ ಮುಚ್ಚಿದ ಡಬ್ಬಿಗೆ, ಆಮೇಲೆ ಸೋಪು. ಫರ್ಗಸ್ ಕೋಟಿನ ಜೇಬಿನಲ್ಲಿ ಎರಡೂ ಕೈ ತುರುಕಿಕೊಂಡು, ಶಾಲೆಯ ಹಿಂದಿನ ಬೆಂಚಿನವನ ಹಾಗೆ ತಲೆಯಾಡಿಸುತ್ತ ಕೇಳಿದ.

ಇಂಥವರು ಪ್ರತಿ ಕಣಿವೆಯಲ್ಲೂ ಒಬ್ಬಿಬ್ಬರಿರುತ್ತಾರೆ. ಪರರ ಮಾತಿಗೆ ಕಿವಿಗೊಡದೆ ಲೋಕವನ್ನು ತಮ್ಮ ಮೈಮೇಲೇ ಪರೀಕ್ಷಿಸಿ ತಿಳಿದವರು. ಅವರ ತಿಳಿವಿನಲ್ಲಿ ಎರವಲಿನದು ಒಂದು ಕಾಳೂ ಇರುವುದಿಲ್ಲ, ಅದಕ್ಕೇ ಅವರೆದುರು ನಮಗೆ ಸಿಟ್ಟು, ಒಳಗೊಳಗೆ ಗೌರವ. ಕಹಿಯಾದದ್ದು ಕೆಟ್ಟದ್ದು, ಸುಡುವುದು ಕೆಟ್ಟದ್ದು ಎಂದು ಅವರ ಮೈ ಅವರಿಗೆ ಕಲಿಸಿರುತ್ತದೆ. ಕೇಡು ಸಿಹಿಯಾಗಿ ಬಂದ ದಿನ ಅವರು ಬೆಚ್ಚುವ ಹಾಗೆ ನಾವು ಯಾರೂ ಬೆಚ್ಚುವುದಿಲ್ಲ. ತಾವಷ್ಟೇ ಬೆಚ್ಚಿದ್ದರೆ ಅದು ಅವರ ಪಾಡು ಎನ್ನಬಹುದಿತ್ತು. ಆದರೆ ಅಂಥವರ ಹಿಂದೆ ಯಾವಾಗಲೂ ಒಂದು ಜೀವ ಬರುತ್ತಿರುತ್ತದೆ; ಅದು ಪರೀಕ್ಷೆ ಮಾಡುವುದಿಲ್ಲ, ಹಿಡಿದ ಬೆರಳನ್ನು ನೆಕ್ಕಿ, ತಲೆಯೆತ್ತಿ, ಮುಖ ನೋಡುತ್ತದೆ.