ಬೆಂಕಿ ಆರಿದ ಮೇಲಿನ ಧೂಳು

ನಾನು ಒಂದು ಹೆಲ್ಮೆಟ್. ಬೈಕ್ ಓಡಿಸುವವರದಲ್ಲ, ಬೆಂಕಿಯೊಳಗೆ ನುಗ್ಗುವವರದು. ಗಾಜಿನ ನಾರನ್ನು ಅಂಟಿನಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ ನನ್ನನ್ನು ಮಾಡಿದರು. ಮೇಲೆ ಹಳದಿ ಬಣ್ಣ ಬಳಿದರು, ಒಳಗೆ ತಲೆಗೆ ಒತ್ತಿಕೊಳ್ಳುವ ಪಟ್ಟಿ ಕೂರಿಸಿದರು. ಉರಿಯುವ ತೊಲೆ ಬಿದ್ದರೂ ಒಡೆಯಬಾರದೆಂದು ಅವರು ಬಹಳ ಯೋಚಿಸಿದ್ದರು. ಉಸಿರಿನ ಬಗ್ಗೆ ಅಲ್ಲಿ ಯಾರೂ ಮಾತಾಡಿದ್ದು ನೆನಪಿಲ್ಲ.

ಹುಬ್ಬಳ್ಳಿಯ ಅಗ್ನಿಶಾಮಕ ಠಾಣೆಯಲ್ಲಿ ನನ್ನನ್ನು ಕೊಟ್ಟದ್ದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಯಮನೂರಪ್ಪನಿಗೆ. ಎತ್ತರದ ಆಳು, ದೊಡ್ಡ ದನಿ. "ನನ್ನ ಹೆಸರಿನಾಗ ಯಮ ಅದಾನ. ಅದಕ್ಕ ಅವಂಗೂ ನನಗೂ ಜಗಳಿಲ್ಲ" ಎಂದು ನಗುತ್ತಿದ್ದ.

ಒಮ್ಮೆ ಊರ ಹೊರಗಿನ ಅರಳೆ ಗೋದಾಮಿಗೆ ಬೆಂಕಿ ಬಿತ್ತು. ಮೇಲಿನ ಹೊದಿಕೆ ಆಸ್‌ಬೆಸ್ಟಾಸ್ ಶೀಟಿನದು. ಕಾವಿಗೆ ಶೀಟುಗಳು ಪಟಪಟ ಸಿಡಿದವು. ಚೂರುಗಳು ನನ್ನ ಬೆನ್ನಿಗೆ ಬಡಿದವು. ಯಮನೂರಪ್ಪ ಇಬ್ಬರು ಹಮಾಲರನ್ನು ಹೆಗಲ ಮೇಲೆ ಹೊತ್ತು ತಂದ. ಮಧ್ಯಾಹ್ನದ ಹೊತ್ತಿಗೆ ಬೆಂಕಿ ಆರಿತು. ಆಮೇಲೆಯೇ ನಿಜವಾದ ದುಡಿತ: ಒಳಗೆ ಕಿಡಿ ಉಳಿದಿರಬಾರದೆಂದು ಸಂಜೆಯವರೆಗೆ ಅರಳೆಯ ಅಂಡಿಗೆಗಳನ್ನು ಕೊಕ್ಕೆಯಿಂದ ಕೆದಕಿ ತಿರುವಿದರು. ಬೂದು ಧೂಳು ಹಿಟ್ಟಿನಂತೆ ಏಳುತ್ತಿತ್ತು. ಠಾಣೆಯಲ್ಲಿದ್ದ ಒಂದೆರಡು ಮುಖವಾಡಗಳು ಹೊಗೆ ಇದ್ದಾಗ ಮಾತ್ರ ಹೊರಗೆ ಬರುತ್ತಿದ್ದವು. ಹೊಗೆ ಹೋಗಿತ್ತಲ್ಲ, ಎಲ್ಲರೂ ಬರೀ ಮುಖದಲ್ಲೇ ಇದ್ದರು. ಅದೇ ಧೂಳಿನಲ್ಲಿ ಕೂತು ಚಹಾ ಕುಡಿದರು.

ಇಂಥ ಬೆಂಕಿಗಳು ಎಷ್ಟೋ. ಪ್ರತಿ ಸಲ ಅವನು ಮನೆಗೆ ಹೋದಾಗ ಹೆಂಡತಿ ರೇಣವ್ವ ಅಂಗಳದಲ್ಲಿ ನಿಂತು ಅವನ ಖಾಕಿ ಬಟ್ಟೆಯನ್ನು ಫಟಫಟ ಝಾಡಿಸಿ, ಆಮೇಲೆ ನೀರಿಗೆ ಹಾಕುತ್ತಿದ್ದಳು.

ಠಾಣೆಗೆ ಹೊಸ ಹೆಲ್ಮೆಟ್ಟುಗಳು ಬಂದ ವರ್ಷ ಅವನೂ ನಿವೃತ್ತನಾದ. ಕೇಳಿಕೊಂಡು ನನ್ನನ್ನು ಮನೆಗೆ ಒಯ್ದ. ರೇಣವ್ವ ನನ್ನನ್ನು ಅಡಿಗೆಮನೆಯಲ್ಲಿ ಅಂಗಾತ ಇಟ್ಟು ಬೆಳ್ಳುಳ್ಳಿ ತುಂಬಿದಳು. ನನಗೇನೂ ಬೇಸರವಾಗಲಿಲ್ಲ.

ಅಲ್ಲಿಂದಲೇ ಅವನ ಕೆಮ್ಮು ಕೇಳತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಶ್ವಾಸಕೋಶದ ಹೊರಪದರದ ಕ್ಯಾನ್ಸರ್ ಎಂದರು ಮೊದಲ ಡಾಕ್ಟರು. ಕೆಲವೇ ತಿಂಗಳು, ಮನೆಗೆ ಕರೆದೊಯ್ದು ಚೆನ್ನಾಗಿ ನೋಡಿಕೊಳ್ಳಿ ಎಂದರು. ಯಮನೂರಪ್ಪ ಎದ್ದು ನಿಂತ. "ಉರಿಯೂ ಮನೀ ಮುಂದ ನಿಂತು, ಇದು ಸುಡತೈತಿ ಬಿಡ್ರಿ ಅಂತ ನಾನು ಎಂದೂ ಅಂದಿಲ್ರಿ" ಎಂದವನೇ ಬೇರೆ ಆಸ್ಪತ್ರೆಗೆ ಹೋದ.

ಅಲ್ಲಿದ್ದವರು ಡಾಕ್ಟರ್ ನಸೀಮಾ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಅವರು ಕೇಳಿದ್ದಕ್ಕೆ, ಮರುಸಲ ಬೆಳ್ಳುಳ್ಳಿ ಸುರಿದು ನನ್ನನ್ನೇ ತೋರಿಸಲು ಒಯ್ದು, ಶೀಟು ಸಿಡಿದ ಬೆಂಕಿಗಳ ಕಥೆ ಹೇಳಿದ. ಡಾಕ್ಟರು ನನ್ನ ಪಟ್ಟಿಯ ಸಂದಿನಲ್ಲಿ ಕೂತಿದ್ದ ಬೂದು ಧೂಳನ್ನು ನೋಡಿದರು. ಕೈಗವಸು ಹಾಕಿಕೊಂಡು ನನ್ನನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕಿಳಿಸಿ ಬಾಯಿ ಬಿಗಿದರು.

"ಇದನ್ನ ಮನೀಗೆ ಒಯ್ಯಬ್ಯಾಡ್ರಿ. ಆ ಆಸ್‌ಬೆಸ್ಟಾಸ್ ಶೀಟಿನ ನಾರಿನ ಎಳಿ ಕಣ್ಣಿಗೆ ಕಾಣೂದಿಲ್ಲ. ಒಳಗ ಹೋಗಿ ಮೂವತ್ತು, ನಲವತ್ತು ವರ್ಷ ಸುಮ್ಮನ ಕುಂತು, ಆಮ್ಯಾಲೆ ರೋಗ ಆಗಿ ಎದ್ದು ಬರತೈತಿ."

"ಔಷಧ ಐತೇನ್ರಿ?" ರೇಣವ್ವ ಕೇಳಿದಳು.

"ಮೊದಲ ಕಿಮೊ ಒಂದ ಇತ್ತು. ಈಗ ಇಮ್ಯುನೊಥೆರಪಿ ಬಂದೈತಿ. ನಮ್ಮ ಮೈಯಾಗ ರೋಗದ ಮ್ಯಾಲೆ ಬೀಳೂ ಕಾವಲಿನವರು ಇರ್ತಾರಲ್ಲಮ್ಮ, ಈ ಗಡ್ಡಿ ಅವರಿಗೆ ಬ್ರೇಕ್ ಹಾಕಿ ಕುಂದರಿಸಿರತೈತಿ. ಈ ಔಷಧ ಆ ಬ್ರೇಕ್ ಬಿಡಸ್ತೈತಿ. ಪೂರಾ ವಾಸಿ ಆಗತೈತಿ ಅಂತ ನಾ ಹೇಳೂದಿಲ್ಲ. ಆದ್ರ ಭಾಳ ಮಂದಿಗೆ ಹೆಚ್ಚಿನ ದಿನ ಸಿಕ್ಕಾವ."

"ಹೆಚ್ಚಿನ ದಿನದಾಗ ನನಗ ಕೆಲಸ ಐತ್ರಿ" ಎಂದ ಯಮನೂರಪ್ಪ.

ಕೆಲವು ವಾರಗಳಿಗೊಮ್ಮೆ ಹನಿಹನಿಯಾಗಿ ಔಷಧ ಏರಿತು. ಮೈತುಂಬ ತುರಿಕೆ ಎದ್ದಿತು, ಸುಸ್ತು ನೆಲಕ್ಕೆ ಕೆಡವಿತು. ಅವನು ಬೈಯುತ್ತ ಮತ್ತೆ ಹೋಗಿ ತೋಳು ಚಾಚುತ್ತಿದ್ದ. ಸ್ಕ್ಯಾನಿನಲ್ಲಿ ಗಡ್ಡೆ ಮಾಯವಾಗಿರಲಿಲ್ಲ, ಆದರೆ ಕುಗ್ಗಿತ್ತು.

ಏಪ್ರಿಲ್ಲಿನಲ್ಲಿ ಠಾಣೆಯ ಅಂಗಳದಲ್ಲಿ ನಿವೃತ್ತರಿಗೆ ಸನ್ಮಾನ. ಅದುವರೆಗೆ ಆಸ್ಪತ್ರೆಯಲ್ಲೇ ಇದ್ದ ನನ್ನನ್ನು ಅವನು ಚೀಲದ ಸಮೇತ ಒಯ್ದು ಮೇಜಿನ ಮೇಲಿಟ್ಟ. ಠಾಣಾಧಿಕಾರಿ ಹಂಚಿನಮನಿ ಶಾಲು ಬಿಡಿಸಿದರು. ಯಮನೂರಪ್ಪ ಅದನ್ನು ಕೈಯಿಂದ ತಡೆದ.

"ಶಾಲು ಬ್ಯಾಡ್ರಿ ಸಾಹೇಬ್ರ. ಈ ಹುಡುಗರಿಗೆಲ್ಲ ಮುಖವಾಡ ಕೊಡ್ರಿ. ಬೆಂಕಿ ಆರಿದ ಮ್ಯಾಲೂ, ಕಸ ತಿರುವಿ ಮುಗಿಯೂತನಕ ಇಳಸಬಾರದು ಅಂತ ಹುಕುಂ ಮಾಡ್ರಿ. ಕೋಟು ತೊಳಿಯಾಕ ಇಲ್ಲೇ ಜಾಗಾ ಮಾಡ್ರಿ."

"ಯಮನೂರಪ್ಪ, ಇದು ಸನ್ಮಾನದ ಕಾರ್ಯಕ್ರಮ. ಅದನ್ನ ಆಮ್ಯಾಲೆ ಮಾತಾಡೂಣು."

"ಆಮ್ಯಾಲೆ ಅನ್ನೂದು ನನ್ನ ಕಡೆ ಇಲ್ರಿ."

ಕೂತವರ ನಡುವಿನಿಂದ ರೇಣವ್ವ ಎದ್ದಳು. ಸಭೆಯಲ್ಲಿ ಅವಳು ಮಾತಾಡಿದವಳೇ ಅಲ್ಲ. "ಆ ಧೂಳು ಝಾಡಿಸಿದಾಕಿ ನಾನು. ನನ್ನ ಎದೀನೂ ಸ್ಕ್ಯಾನ್ ಮಾಡ್ಯಾರ. ಏನೂ ಸಿಕ್ಕಿಲ್ಲ, ಆದ್ರ ವರ್ಷಕ್ಕೊಮ್ಮೆ ಬಾ ಅಂದಾರ. ಈ ಹುಡುಗರ ಹೆಂಡ್ರು ಹಂಗ ಅಂಜಿಕೊಂಡು ಬಾಳೂದು ಬ್ಯಾಡ."

ಹಂಚಿನಮನಿ ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟರು. "ಬರ್ರಿ, ತೊಳಿಯೂ ಜಾಗಾ ಎಲ್ಲಿ ಮಾಡೂಣು ತೋರಸ್ರಿ" ಎಂದು ಅವನ ಜೊತೆ ಹಿತ್ತಿಲಿಗೆ ನಡೆದರು.

ಈಗ ನಾನು ಠಾಣೆಯ ತರಬೇತಿ ಕೋಣೆಯಲ್ಲಿ, ಬಾಯಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ತಲೆ ಕಾಯಲು ಹುಟ್ಟಿದೆ, ಕಾಯ್ದೆ. ಅದಷ್ಟೇ ಸಾಲದು ಎನ್ನುವುದಕ್ಕೆ ಈಗ ಇಲ್ಲಿ ಕೂತಿದ್ದೇನೆ. ಯಮನೂರಪ್ಪ ಇಂದಿಗೂ ಬರುತ್ತಾನೆ; ಮಾತಿನ ನಡುವೆ ನಿಂತು ಉಸಿರು ಎಳೆದುಕೊಂಡು ಮುಂದುವರಿಸುತ್ತಾನೆ. ಮೊನ್ನೆ ಹೊಸಬನೊಬ್ಬ ಕೇಳಿದ, "ಕಾಕಾ, ಈ ಮುಖವಾಡ ಅಷ್ಟೊತ್ತು ಹಾಕ್ಕೊಂಡ್ರ ಉಸಿರು ಕಟ್ಟತೈತಲ್ಲ?"

"ಕಟ್ಟಲಿ. ಇಳಿಸಿದ ಮ್ಯಾಲೆ ಬರೂ ಉಸಿರು ನಿಂದ."

ಅಷ್ಟರಲ್ಲಿ ಗಂಟೆ ಬಡಿಯಿತು. ಎಲ್ಲೋ ಶೀಟಿನ ಶೆಡ್ಡಿಗೆ ಬೆಂಕಿ. ಯಮನೂರಪ್ಪ ಗೋಡೆ ಹಿಡಿದು ಹೊರಗೆ ಹೋಗಿ ಗಾಡಿಯ ಬಾಗಿಲಿಗೆ ಕೈಯಿಟ್ಟು ನಿಂತ. ಒಳಗಿದ್ದವರೆಲ್ಲ ಮುಖವಾಡ ಎತ್ತಿ ತೋರಿಸಿದರು. ಆಗ ಕೈ ತೆಗೆದ.

"ನಡೀರಿ" ಎಂದ, ಹಳೆಯ ದೊಡ್ಡ ದನಿಯಲ್ಲಿ.