ಬೈತಲೆ ಪಕ್ಕದ ಜಾಗ

ಸೊಸೆಯ ಹಣೆಗೆ ಒದ್ದೆ ಬಟ್ಟೆ ಹಾಕಿ, ನೆತ್ತಿಗೂ ತಂಪಾಗಲೆಂದು ಕ್ಲಿಪ್ಪು ಬಿಚ್ಚಿದ ಯಶೋದಮ್ಮನ ಕೈ ಅಲ್ಲೇ ನಿಂತಿತು. ಬೈತಲೆಯ ಬಲಪಕ್ಕ, ಅಂಗೈ ಅಗಲದ ಜಾಗದಲ್ಲಿ ಕೂದಲೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಹುಣ್ಣಿಲ್ಲ, ಕಜ್ಜಿಯಿಲ್ಲ. ಅಲ್ಲೊಂದು ಇಲ್ಲೊಂದು ಮೋಟು ಕೂದಲು, ನಡುವೆ ಕೆಂಪು ಚುಕ್ಕೆಗಳು. ಯಾರೋ ಕಿತ್ತ ಹಾಗಿತ್ತು.

ಜ್ವರದ ಮಂಪರಿನಲ್ಲಿದ್ದ ಅರ್ಪಿತಳಿಗೆ ಏನೂ ತಿಳಿಯಲಿಲ್ಲ. ಮದುವೆಯಾಗಿ ಮದ್ದೂರಿಗೆ ಬಂದು ಎರಡು ವರ್ಷವಾದರೂ ಅವಳು ಅತ್ತೆಯ ಕೈಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಂಡಿರಲಿಲ್ಲ. ಗೆಜ್ಜಲಗೆರೆಯ ಗಾರ್ಮೆಂಟ್ಸ್‌ಗೆ ಹೊರಡುವ ಮುಂಚೆ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಹೊತ್ತು ಕಳೆಯುತ್ತಿದ್ದಳು. ಅದನ್ನು ಸಿಂಗಾರ ಎಂದುಕೊಂಡು ಯಶೋದಮ್ಮ ಒಳಗೊಳಗೇ ಖುಷಿಪಟ್ಟಿದ್ದಳು.

ಈಗ ಅವಳಿಗೆ ಹೊಳೆದದ್ದು ಒಂದೇ. ಹಿತ್ತಲಲ್ಲಿ ಬೈಕು ಒರೆಸುತ್ತಿದ್ದ ಮಗನ ಮುಂದೆ ಹೋಗಿ ನಿಂತಳು.

"ಏನ್ಲಾ ಸ್ವರೂಪ, ಆ ಎಣ್ಮಗಿನ್ ಜುಟ್ಟಿಡ್ದು ಎಳ್ದಿದ್ದೀಯೇನ್ಲಾ?"

"ಏನವ್ವ ನೀನ್ ಏಳ್ತಿರೋದು?"

"ನೆತ್ತಿ ಬೋಳಾಗದೆ ಕಣ್ಲಾ. ನಿಮ್ಮಪ್ಪ ಬದ್ಕಿರಗಂಟ ನನ್ ಮ್ಯಾಲೆ ಕೈ ಎತ್ಲಿಲ್ಲ. ನೀನ್ ಯಾರತ್ರ ಕಲ್ತೆ?" ಎನ್ನುತ್ತಲೇ ಕೆನ್ನೆಗೆ ಬಾರಿಸಿದಳು.

ಸ್ವರೂಪ್ ಸಿಟ್ಟಾಗಲಿಲ್ಲ, ದಿಗಿಲುಬಿದ್ದ. "ನಿನ್ನಾಣೆ ನಾನ್ ಮುಟ್ಟಿಲ್ಲ. ತಲೆನೋವು ಅಂತ ದಿನಾ ಟವಲ್ ಸುತ್ಕೊಂಡು ಮಲೀಕತಾಳೆ. ನಂಗೇನ್ ಗೊತ್ತು?"

"ಅವ್ರನ್ನ ಒಡೀಬೇಡಿ ಅತ್ತೆ."

ಅರ್ಪಿತ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದಳು. ಕೂದಲು ಕೆದರಿತ್ತು. ಒಂದು ಕೈ ನೆತ್ತಿಯನ್ನು ಮುಚ್ಚಿಕೊಂಡಿತ್ತು. "ಅವ್ರೇನೂ ಮಾಡಿಲ್ಲ. ನಾನೇ ಕಿತ್ಕೊಂಡಿದ್ದು."

ಯಶೋದಮ್ಮ ಅವಳನ್ನು ಕೂರಿಸಿ ನೀರು ಕುಡಿಸಿದಳು. ಅರ್ಪಿತ ಲೋಟದೊಳಕ್ಕೇ ನೋಡುತ್ತ ಹೇಳಿದಳು. ಎಸ್ಸೆಸ್ಸೆಲ್ಸಿ ಓದುವಾಗ ಶುರುವಾದದ್ದು. ಮಳವಳ್ಳಿಯಲ್ಲಿ ಅವಳ ತಾಯಿ ಬೈದು, ಹೊಡೆದು, ಕೊನೆಗೆ ಬೆರಳುಗಳಿಗೆ ಬಟ್ಟೆ ಸುತ್ತಿ ಮಲಗಿಸಿದ್ದರು. ಹಲ್ಲಿನಿಂದ ಅದನ್ನು ಬಿಚ್ಚಿಕೊಂಡು ಕಿತ್ತಿದ್ದಳು. "ಕೈ ತಾನೇ ಓಯ್ತದೆ ಅತ್ತೆ. ಕಿತ್ತಾಗ ಎದೆ ಒಂಚೂರು ಅಗುರ ಆಯ್ತದೆ. ಆಮೇಲೆ ಉದುರಿದ್ ಕೂದ್ಲು ನೋಡಿ ಅಳು ಬತ್ತದೆ. ಇನ್ ಕೀಳಲ್ಲ ಅನ್ಕತೀನಿ. ಅನ್ಕೊಂಡಿದ್ದಂಗೇ ಕೈ ಮ್ಯಾಲೋಗಿರ್ತದೆ."

"ಬೇಡ ಅಂದ್ಮೇಲೆ ಬುಟ್ಬುಡದಪ್ಪ, ಅದೇನ್ ಕಷ್ಟ?" ಎಂದ ಸ್ವರೂಪ್.

ಯಶೋದಮ್ಮ ಸೊಂಟದ ಚೀಲ ಬಿಚ್ಚಿ ಹೊಗೆಸೊಪ್ಪಿನ ಕಡ್ಡಿಪುಡಿಯ ಪೊಟ್ಟಣವನ್ನು ಮಗನ ಮುಂದೆ ಇಟ್ಟಳು. "ಇದ್ನ ಬುಟ್ಬುಡು ಅಂತ ನಿಮ್ಮಪ್ಪ ಸಾಯಗಂಟ ಬೇಡ್ಕಂಡ್ರು. ಬುಟ್ನಾ? ಬಾಯಾಗ್ ಹುಣ್ಣಾದಾಗ್ಲೂ ಇನ್ನೊಂದ್ ದವಡೇಲಿ ಮಡೀಕಂಡೆ. ಅದೇನ್ ಕಷ್ಟ ಅಂತ ನನ್ ಕೇಳು, ಅವಳ್ನ ಕೇಳ್ಬೇಡ." ಆಮೇಲೆ ಸೊಸೆಯ ಕಡೆ ತಿರುಗಿದಳು. "ನಂದು ಬಾಯ್ಗೋಯ್ತದೆ, ನಿಂದು ತಲೆಗೋಯ್ತದೆ. ಅಷ್ಟೇಯ ಕಣವ್ವ."

ಅರ್ಪಿತ ಲೋಟ ಕೆಳಗಿಟ್ಟು ಅತ್ತೆಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಸ್ವರೂಪ್ ಒಳಗಿಂದ ಕಂಬಳಿ ತಂದು ಅವಳಿಗೆ ಹೊದಿಸಿದ.

ಜ್ವರ ಬಿಟ್ಟ ಮೇಲೆ ಅತ್ತೆ ಸೊಸೆ ಇಬ್ಬರೂ ಮಂಡ್ಯಕ್ಕೆ ಹೋದರು. ಮನೋವೈದ್ಯೆ ಅರುಂಧತಿ ಅವರ ಕೋಣೆಯ ಹೊರಗೆ ಅರ್ಪಿತ ಸೆರಗಿನ ತುದಿಯನ್ನು ಹಿಂಡುತ್ತಲೇ ಕುಳಿತಿದ್ದಳು. "ಹುಚ್ಚಿ ಅಂತ ಬರೀತಾರಾ ಅತ್ತೆ?" ಎಂದು ಕೇಳಿದಳು. ಯಶೋದಮ್ಮನಿಗೂ ಅದು ಗೊತ್ತಿರಲಿಲ್ಲ. "ಬರುದ್ರೆ ನಂದೂ ಬರ್ಸನ ಬುಡು" ಎಂದಳು.

ಡಾಕ್ಟರು ನಿಧಾನವಾಗಿ ಕೇಳಿದರು, ಬೈತಲೆ ಬಿಡಿಸಿ ನೋಡಿದರು. "ಇದು ಕಾಯಿಲೆ ಅಮ್ಮ. ತುಂಬ ಜನಕ್ಕಿದೆ, ಹೇಳ್ಕೊಳ್ಳಲ್ಲ ಅಷ್ಟೆ. ಇವರು ಬೇಕು ಅಂತ ಮಾಡ್ತಿಲ್ಲ. ಆಗಾಗ ಬಂದು ನನ್ ಜೊತೆ ಮಾತಾಡ್ಲಿ. ಮನೇಲಿ ಯಾರೂ ಬೈಬೇಡಿ, ಕೈ ಮೇಲೆ ಹೋದಾಗ ಅದಕ್ಕೆ ಹಿಡ್ಕೊಳ್ಳೋಕೆ ಏನಾದ್ರೂ ಕೊಡಿ."

"ಕೂದ್ಲು ಬತ್ತದಾ?" ಎಂದಳು ಯಶೋದಮ್ಮ.

"ಬರುತ್ತೆ. ನಿಧಾನ ಆಗುತ್ತೆ. ನಡುವೆ ಮತ್ತೆ ಕಿತ್ತರೂ ಗಾಬರಿ ಬೇಡ." ಅವಳ ಕಪ್ಪು ಹಲ್ಲು ನೋಡಿ ಡಾಕ್ಟರು ನಕ್ಕರು. "ನಿಮ್ದೂ ನೋಡ್ಲಾ?"

"ನಂದು ಇನ್ನೊಂದ್ ದಪ ನೋಡೀರಂತೆ" ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡಳು. ಅರ್ಪಿತಳಿಗೆ ನಗು ಬಂದುಬಿಟ್ಟಿತು.

ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಂಡ್ಯ ದಾಟುವಷ್ಟರಲ್ಲೇ ಅರ್ಪಿತ ಅತ್ತೆಯ ಭುಜಕ್ಕೆ ಒರಗಿ ನಿದ್ದೆಹೋದಳು. ನಿದ್ದೆಯಲ್ಲೇ ಅವಳ ಬಲಗೈ ಮೇಲೆದ್ದು ಬೈತಲೆಯ ಕಡೆ ಹೊರಟಿತು. ಯಶೋದಮ್ಮ ಅದನ್ನು ಅರ್ಧ ದಾರಿಯಲ್ಲೇ ಹಿಡಿದು, ತನ್ನ ಎರಡೂ ಕೈಗಳ ನಡುವೆ ಮಡಿಲಿಗೆ ಇಳಿಸಿಕೊಂಡಳು. ಬೆರಳುಗಳು ಒಂದೆರಡು ಸಲ ಮಿಸುಕಾಡಿ ಸುಮ್ಮನಾದವು.

ಕಂಡಕ್ಟರು ಜನರ ನಡುವೆ ನುಗ್ಗಿಕೊಂಡು ಬರುವ ಹೊತ್ತಿಗೆ ಹನಕೆರೆ ಬಂದಿತ್ತು. "ಆಧಾರ್ ತೋರ್ಸಮ್ಮ."

"ಎಲ್ಡು ಮದ್ದೂರು. ಕಾರ್ಡು ಬ್ಯಾಗ್ನಾಗವೆ, ನೀನೇ ತಕ್ಕಳಪ್ಪ. ನನ್ ಕೈ ಖಾಲಿ ಇಲ್ಲ."

ಅವನು ಮಲಗಿದ್ದವಳನ್ನು ನೋಡಿದ. ಬಗ್ಗಿ ಬ್ಯಾಗಿನ ಜಿಪ್ಪು ಎಳೆದು, ಕಾರ್ಡು ನೋಡಿ ಮತ್ತೆ ಒಳಗಿಟ್ಟ. ಎರಡು ಟಿಕೆಟ್ಟು ಹರಿದು ಯಶೋದಮ್ಮನ ಬೆರಳ ಸಂದಿಗೆ ಸಿಕ್ಕಿಸಿ ಮುಂದೆ ಹೋದ. ಕಿಟಕಿಯ ಗಾಳಿಗೆ ಅವು ಪಟಪಟನೆ ಬಡಿದುಕೊಳ್ಳುತ್ತಿದ್ದವು. ಅವಳು ಕೈ ಸಡಿಲಿಸಲಿಲ್ಲ.