ನೂರ ಹನ್ನೊಂದು ಕಟ್ಟು ಬತ್ತಿ

ಪ್ಲೇಗಿನ ವರ್ಷ ಊರು ಬಿಡಿಯೆಂದು ಅಮಲ್ದಾರರ ಹುಕುಂ ಬಂದು ಚೌಳಹಿರಿಯೂರಿನ ಮೇಲಿನ ಬೀದಿಯವರು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಊರಿಗೆ ಮರಳಿದರೆ ವೀರಭದ್ರನಿಗೆ ಒಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು ಬತ್ತಿ ಉರಿಸುತ್ತೇವೆಂದು ಹೆಂಗಸರು ಹರಕೆ ಹೊತ್ತರು. ಸಂಖ್ಯೆ ಹೇಳಿದವಳು ತೀರ್ಥಮ್ಮ. ಹೆದರಿದ ಬಾಯಿಗೆ ಒಂದರ ಹಿಂದೆ ಒಂದು ಬಂದುಬಿಟ್ಟಿತ್ತು, ಅಷ್ಟೆ.

ಊರಿಗೆ ಮರಳಿದ್ದಾಯಿತು, ಕಾರ್ತಿಕ ಹತ್ತಿರ ಬಂತು. ಪ್ರತಿ ಮನೆಯೂ ಸಮನಾಗಿ ಹೊಸೆಯಬೇಕು, ಒಂದು ಬತ್ತಿ ಹೆಚ್ಚುಕಡಿಮೆಯಾದರೂ ಹರಕೆ ಎಲ್ಲರದಾಗುವುದಿಲ್ಲ. ಬೀದಿಯಲ್ಲಿದ್ದದ್ದು ಹದಿಮೂರು ಮನೆ, ಲೆಕ್ಕಕ್ಕೆ ಹಿಡಿದದ್ದು ಹನ್ನೆರಡು. ಬೀರೂರು ಸ್ಟೇಷನ್ನಿನ ಕೆಲಸದಲ್ಲಿದ್ದ ಷಣ್ಮುಖಪ್ಪನೇ ರೋಗ ತಂದನೆಂದು ಆಡಿಕೊಂಡಿದ್ದರು. ಅವನು ಸತ್ತು ವರ್ಷವಾದರೂ ಹೆಂಡತಿ ಮೀನಾಕ್ಷಮ್ಮನ ಹೊಸಿಲನ್ನು ಯಾರೂ ತುಳಿದಿರಲಿಲ್ಲ. ತೀರ್ಥಮ್ಮನೂ ತುಳಿದಿರಲಿಲ್ಲ, ಅದು ಅವಳನ್ನು ಕೊರೆಯುತ್ತಿತ್ತು.

ಬತ್ತಿಯ ಕಟ್ಟೆಂದರೆ ಸಾವಿರ, ಶುಭಕ್ಕೆ ಮೇಲೊಂದು. ಹರಕೆಯೋ ನೂರ ಹನ್ನೊಂದು ಸಾವಿರ, ಮೇಲೆ ನೂರ ಹನ್ನೊಂದು. ಸಾವಿರಕ್ಕೊಂದರಂತೆ ಮೇಲಿನದೂ ಸಿಕ್ಕಿ, ಸರಿಯಾಗಿ ನೂರ ಹನ್ನೊಂದು ಕಟ್ಟು! ಓದು ಬಾರದ ತೀರ್ಥಮ್ಮನಿಗೆ ಸೋಜಿಗವಾಯಿತು. ಹಾಗಾದರೆ ಒಂದು ಕಟ್ಟು ಹಂಚಿ ನೋಡಿದರೆ ಸಾಕು.

ಮನೆಯಲ್ಲಿದ್ದ ಒಂದು ಕಟ್ಟು ಬಿಚ್ಚಿ ಹನ್ನೆರಡು ಗುಡ್ಡೆ ಹಾಕಿದಳು. ತಲಾ ಎಂಬತ್ತಮೂರು, ಕೈಯಲ್ಲಿ ಐದು ಉಳಿಯಿತು. ಎಲ್ಲ ಕಟ್ಟುಗಳ ಉಳಿಕೆ ಕೂಡಿಸಿ ಹಂಚಿದರೂ ಕೊನೆಗೆ ಮೂರು ನಿಲ್ಲುತ್ತಿತ್ತು. ಮನೆ ಹದಿಮೂರೆಂದು ಹಂಚಿದಳು. ತಲಾ ಎಪ್ಪತ್ತೇಳು, ಕೈ ಬರಿದು. ನಂಬದೆ ಇನ್ನೊಮ್ಮೆ ಹಂಚಿದಳು. ಆಮೇಲೆ ಬಿಡಲಾರದೆ ಹನ್ನೊಂದಕ್ಕೂ ಹಂಚಿದಳು. ತಲಾ ತೊಂಬತ್ತೊಂದು, ಆಗಲೂ ಕೈ ಬರಿದು. ಅದನ್ನು ಮಾತ್ರ ಮನಸ್ಸಿನಲ್ಲೇ ಇಟ್ಟುಕೊಂಡಳು.

ಮಧ್ಯಾಹ್ನ ಹೆಂಗಸರನ್ನು ಜಗಲಿಗೆ ಕರೆದು ಅವರ ಕೈಯಿಂದಲೇ ಹನ್ನೆರಡಕ್ಕೊಮ್ಮೆ, ಹದಿಮೂರಕ್ಕೊಮ್ಮೆ ಹಂಚಿಸಿದಳು. ಹದಿಮೂರನೆಯ ಗುಡ್ಡೆ ಯಾರದೆಂದು ಯಾರೂ ಕೇಳಲಿಲ್ಲ. ಪಕ್ಕದ ಮನೆಯ ಲಿಂಗಮ್ಮ ಚುರುಕು.

"ಅಲ್ಲ ತೀರ್ಥಕ್ಕ, ಒಂದು ಮನೆ ಸೇರಿಸಿದ್ರೆ ಸರಿಹೋಯ್ತದೆ ಅಂತೀಯ. ಒಂದು ಮನೆ ಬಿಟ್ರೆ?"

"ಅದಕ್ಕೂ ಸರಿಹೋಯ್ತದೆ ಕಣೇ. ನೋಡಿದೀನಿ. ಹರಕೆ ಬಿಡೋರು ಯಾರು ಹೇಳು, ಈಗ್ಲೇ ಅವ್ರ ಪಾಲಿನ ಹತ್ತಿ ಈಸ್ಕೊಂಡ್ಬತ್ತೀನಿ."

ಲಿಂಗಮ್ಮ ಸೆರಗು ಸರಿಮಾಡಿಕೊಂಡಳು. ಉಳಿದವರು ಗುಡ್ಡೆಗಳನ್ನೇ ಮತ್ತೆ ಎಣಿಸತೊಡಗಿದರು. ಕೊನೆಗೆ ಲಿಂಗಮ್ಮನೇ ಎದ್ದು ಒಂದು ಮೊರದ ತುಂಬ ಹತ್ತಿ ತುಂಬಿ ತೀರ್ಥಮ್ಮನ ಕೈಗಿಟ್ಟಳು.

ಮೀನಾಕ್ಷಮ್ಮ ಬಾಗಿಲಲ್ಲೇ ನಿಂತು ಹತ್ತಿಯನ್ನೂ ತೀರ್ಥಮ್ಮನನ್ನೂ ನೋಡಿದಳು. "ಹನ್ನೆರಡು ಮನೇಲಿ ಆಗ್ದೆ ಇದ್ದದ್ದು ನನ್ನಿಂದೇನಾಯ್ತದಕ್ಕ?"

"ನೀನಿಲ್ದೆ ಮೂರು ಬತ್ತಿ ಉಳ್ದೋಯ್ತವೆ ಕಣವ್ವ. ನಾನು ಮೊದ್ಲೇ ಬರ್ಬೇಕಿತ್ತು."

ಮೀನಾಕ್ಷಮ್ಮ ದಾರಿ ಬಿಟ್ಟು ಚಾಪೆ ಹಾಸಿದಳು, ಕೂತು ಒಂದು ಬತ್ತಿ ಹೊಸೆದು ಮೊರದ ಮೂಲೆಗಿಟ್ಟಳು. ರಾಗಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ಶುಭಕ್ಕೆ ಅನ್ನುವಂತೆ, "ಲಾಭ" ಎಂದಳು.

ತೀರ್ಥಮ್ಮ ಹೊಸಿಲು ದಾಟಿ ಪಕ್ಕದಲ್ಲಿ ಕೂತು ಹತ್ತಿಗೆ ಕೈ ಹಾಕಿದಳು. "ಎರಡು."